ಕಿಲೋ ಲೆಕ್ಕ

ಮಂಡಕ್ಕಿ ಭಟ್ಟಿಗಳ ಹೊಗೆ ದಾಟಿದರೆ
ಗೌಸ್‌ಪೀರನ ಗುಜರಿ.
ಅಲ್ಲಿ ಒಂದು ಕಾಲಕ್ಕೆ ಎಲ್ಲವೂ ತೂಕಕ್ಕೆ:
ಹಿತ್ತಾಳೆ ಬೇರೆ, ಬೀಡು ಬೇರೆ,
ತಗಡು ಎಲ್ಲಕ್ಕಿಂತ ಅಗ್ಗ.

ಆ ತಗಡಿನ ಗುಡ್ಡೆಯೊಳಗೆ ಮೊಣಕೈವರೆಗೆ ತೂರಿಸಿ
ಬಾಲ ಹಿಡಿದು ಎಳೆದಿದ್ದೆ ಒಂದು ಮಂಗನನ್ನು.
ಡೋಲು ಬಡಿಯುವ ಮಂಗ,
ಬೆನ್ನಿನಲ್ಲಿ ಕೀಲಿಯ ತೂತು.
ತಕ್ಕಡಿಗೆ ಹಾಕಿದ. ನೂರಾ ನಲವತ್ತು ಗ್ರಾಂ.
‘ಒಂದೂಮುಕ್ಕಾಲು ಆಗ್ತೈತಿ. ಚಿಲ್ಲರೆ ಬಿಡ್ರಿ,
ಈ ತಕ್ಕಡಿ ರಿಪೇರಿ ಮಾಡಿದೋರೇ ನೀವು.’

ಹೌದು, ಚೌಕಿಪೇಟೆಯಲ್ಲಿ ನನ್ನದು ಅದೇ ಕಸುಬು.
ಮುಳ್ಳು ನೆಟ್ಟಗೆ ನಿಲ್ಲಿಸುವುದು,
ಸವೆದ ಬಟ್ಟುಗಳ ತಳಕ್ಕೆ ಸೀಸ ತುಂಬುವುದು.
ಈಗ ಅಂಗಡಿಗೊಂದು ಕೆಂಪು ಅಂಕಿಯ ಯಂತ್ರ ಬಂದು
ಅರ್ಧ ದಿನ ಸ್ಟೂಲಿನ ಮೇಲೆ ಕೂತಿರುತ್ತೇನೆ.
ಅದಿರಲಿ, ಹೇಳಹೊರಟಿದ್ದು ಮಂಗನ ವಿಷಯ.

ಅದರ ಹಿಂದೆ ಕಪ್ಪೆ ಬಂತು, ಹೊಗೆದೋಣಿ ಬಂತು,
ಒಂದು ಬೋಗಿ ಕಳಕೊಂಡ ರೈಲು,
ಒಂದೇ ಕೈಯಲ್ಲಿ ಊರೆಲ್ಲ ನಿಲ್ಲಿಸುವ ಪೊಲೀಸು.
ರಾತ್ರಿ ಎಲ್ಲಕ್ಕೂ ಕೀಲಿ ಕೊಟ್ಟು ನೆಲಕ್ಕೆ ಬಿಟ್ಟರೆ
ಕೊಟ್ರಮ್ಮ ಕಾಲು ಮೇಲೆತ್ತಿಕೊಂಡು ಕೂರುತ್ತಿದ್ದಳು:
‘ಆಡೋ ವಯಸ್ಸಲ್ಲಿ ಅಂಗಡಿ ಕಾದ್ರಿ,
ಈಗ ನೋಡ್ರಿ ನಿಮ್ಮ ಅವತಾರ.’

ಆಮೇಲೆ ಹುಬ್ಬಳ್ಳಿಯಿಂದ ಒಬ್ಬ ಬಂದ,
ಬಿಳೀ ಕೈಚೀಲ ಬೆರಳಿಗೆ ತೊಟ್ಟು
ಮಂಗನನ್ನು ಮಗುವಿನ ಹಾಗೆ ಎತ್ತಿಕೊಂಡ.
‘ಹದಿನೆಂಟು ಸಾವಿರ ಕೊಡ್ತೀನಿ.
ಡಬ್ಬಿ ಇದ್ದಿದ್ರೆ ನಲವತ್ತು.’
ಖಾಲಿ ರಟ್ಟಿಗೆ ಇಪ್ಪತ್ತೆರಡು ಸಾವಿರ!
ಅದನ್ನು ತೂಗುವ ಬಟ್ಟು
ನನ್ನ ಪೆಟ್ಟಿಗೆಯಲ್ಲಿ ಇರಲಿಲ್ಲ.

ಗೌಸ್‌ಪೀರನಿಗೂ ಗೊತ್ತಾಯಿತು.
ಗುಡ್ಡೆ ಕರಗಿ ಗಾಜಿನ ಕಪಾಟು ಎದ್ದಿತು.
‘ತಡೀರಿ, ಫೋನ್ ನೋಡಿ ಹೇಳ್ತೀನಿ’ ಅನ್ನುವ.
ಬೈಯಲಾರೆ. ಅವನ ಮಗಳ ನರ್ಸಿಂಗ್ ಫೀಸು
ಒಂದು ತಗಡಿನ ದೋಣಿಯಲ್ಲಿ ದಡ ಮುಟ್ಟಿತು.

ಕೊಳ್ಳಲಾಗದ್ದಕ್ಕೆ ಬೇಸರ, ಅದು ಸಣ್ಣದು.
ದೊಡ್ಡದನ್ನು ಯಾರಿಗೂ ಹೇಳಿಲ್ಲ:
ಹದಿನೆಂಟು ಸಾವಿರ ಅಂದ ದಿನದಿಂದ
ಮಂಗನ ಬೆನ್ನಿಗೆ ಕೈ ಹಾಕಲಿಲ್ಲ ನಾನು.
ಸ್ಪ್ರಿಂಗು ಮುರಿದರೆ? ಬಣ್ಣ ಕಿತ್ತರೆ?
ಬೀರುವಿನ ಕೀಲಿ ತಿರುಗಿತು,
ಮಂಗನ ಕೀಲಿ ನಿಂತಿತು.
ಬೆಲೆ ಬಂದು ನಡುಮನೆಯಲ್ಲಿ ಕೂತ ಮೇಲೆ
ನಾವು ಗೋಡೆ ಹಿಡಿದು ಓಡಾಡಿದೆವು.

ಒಂದು ವರ್ಷ ಗುಜರಿಯ ಕಡೆ ಹೋಗಲಿಲ್ಲ.
ರೈಲ್ವೆ ಗೇಟು ಹಾಕಿದೆ ಅಂತ ನೆವ,
ಗೇಟು ತೆರೆದರೆ ಮಂಡಿನೋವು ಅಂತ ನೆವ.

ಹೋದ ಭಾನುವಾರ ಅವನೇ ಬಂದ,
ಮೊಪೆಡ್ಡಿನ ಹ್ಯಾಂಡಲಿಗೆ ಪೇಪರಿನ ಪೊಟ್ಟಣ ತೂಗಿಸಿಕೊಂಡು.
ಬಿಚ್ಚಿದರೆ ಒಂದು ಕೋಳಿ:
ಬಣ್ಣ ಪೂರ್ತಿ ತುಕ್ಕಿಗೆ ಕೊಟ್ಟು, ಒಂದು ಕಾಲೂ ಕೊಟ್ಟು,
ಕರುಳು ಹೊರಗೆ ಬಿದ್ದ ತಗಡಿನ ಕೋಳಿ.
‘ಇದಕ್ಕೆ ಫೋನಲ್ಲೂ ರೇಟಿಲ್ಲ,
ಹುಬ್ಬಳ್ಳಿಯವ್ನು ಬೆರಳಲ್ಲೂ ಮುಟ್ಟಲಿಲ್ಲ.
ತೂಕಕ್ಕೆ ತಗೊಳ್ರಿ.’

ಅಟ್ಟದಿಂದ ಹಳೇ ತಕ್ಕಡಿ ಇಳಿಸಿದೆ.
ತೊಂಬತ್ತು ಗ್ರಾಂ.
ತಗಡು ಈಗ ಕಿಲೋಗೆ ಇಪ್ಪತ್ತೆಂಟು,
ಎರಡೂವರೆ ಆಯಿತು ಅಂದ.
‘ಚಿಲ್ಲರೆ ಬಿಡ್ರಿ’ ಅಂದೆ ನಾನು.
ಇಬ್ಬರೂ ಎಷ್ಟು ಹೊತ್ತು ನಕ್ಕೆವೋ,
ಚಹಾ ಆರಿ ಕೆನೆ ಕಟ್ಟಿತ್ತು.

ಸತ್ತ ಗಡಿಯಾರದ ಸ್ಪ್ರಿಂಗು ಕತ್ತರಿಸಿ ಹಾಕಿದೆ,
ತಕ್ಕಡಿಯ ಮುರುಕು ಮುಳ್ಳನ್ನು ಕಾಲು ಮಾಡಿ ಬೆಸೆದೆ.
ಮೂರು ರಾತ್ರಿ ಹಿಡಿಯಿತು.
ಕೋಳಿ ಎದ್ದಿತು, ಕುಂಟಿತು,
ನೆಟ್ಟಗೆ ಹೋಗದೆ ಸುತ್ತ ಸುತ್ತ ತಿರುಗಿತು.
ಕೊಟ್ರಮ್ಮ ಮಾತಾಡದೆ ಎದ್ದು ಹೋಗಿ
ಒಂದು ಹಿಡಿ ಮಂಡಕ್ಕಿ ತಂದು ಚೆಲ್ಲಿದಳು.
ಟಕ್ ಟಕ್ ಟಕ್,
ಒಂದು ಕಾಳಿಗೂ ಕೊಕ್ಕು ತಾಗಲಿಲ್ಲ.
‘ಹಸಿವಿಲ್ಲೇನೋ’ ಅಂದಳು. ಕಾಲು ಕೆಳಗೇ ಇತ್ತು.

ಮಂಗನನ್ನು ಮಾರಿಲ್ಲ. ಕೀಲಿ ಕೊಡುವ ಧೈರ್ಯ
ಇನ್ನೂ ಬಂದಿಲ್ಲ, ಸುಳ್ಳು ಯಾಕೆ.
ನಿನ್ನೆ ಬೀರುವಿನ ಬಾಗಿಲು ಮಾತ್ರ
ತೆರೆದಿಟ್ಟು ಮಲಗಿದೆ,
ಕೋಳಿಯ ಸದ್ದು ಅದಕ್ಕೂ ಕೇಳಲಿ ಅಂತ.