ಉತ್ತಮ ಪುರುಷ

ರಾತ್ರಿ ಒಂಬತ್ತೂವರೆಗೆ ಕ್ಲಾಸು.
ಗುದೈಬಿಯಾದ ಈ ಕೋಣೆಯಲ್ಲಿ ಎಸಿ ಆಫ್ ಮಾಡಿ ಕೂರಬೇಕು,
ಮೈಕಿಗೆ ಅದರ ಗೊರಕೆ ಕೇಳುತ್ತದಂತೆ.
ಆಗಸ್ಟು.
ದನಿ ಗೋಡೆಗೆ ತಾಗದ ಹಾಗೆ ತಲೆಮೇಲೆ ರಜಾಯಿ ಹೊದ್ದು
ಹೆಡ್‌ಫೋನಿನೊಳಗೆ ಬೆವರುತ್ತಾ
ದುಭಾಷಿಯಾಗುವುದನ್ನು ಕಲಿಯುತ್ತಿದ್ದೇನೆ.

ಕಲಿಯುವುದೇನು, ಹದಿನಾಲ್ಕು ವರ್ಷದಿಂದ ಅದನ್ನೇ ಮಾಡಿದ್ದು:
ಆಸ್ಪತ್ರೆಯ ಕೌಂಟರಿನಲ್ಲಿ ಟೋಕನ್ ಹರಿದು ಕೊಡುತ್ತಾ
‘ಏ ಫ್ಲಾವಿಯಾ, ಇವನೇನಂತಾನೆ ಕೇಳು’ ಅಂದಾಗಲೆಲ್ಲ ಎದ್ದುಹೋಗಿ
ಮನೆಯ ಕೊಂಕಣಿ, ಬೀದಿಯ ತುಳು, ಶಾಲೆಯ ಕನ್ನಡ,
ಬಸ್ಸಿನಲ್ಲಿ ಹತ್ತಿದ ಹಿಂದಿ, ಬೈಸಿಕೊಂಡು ಕಲಿತ ಅರಬ್ಬಿ
ಎಲ್ಲ ಒಂದೇ ಪಾತ್ರೆಗೆ ಸುರಿದು ಬಡಿಸಿದ್ದು.
ಈಗ ಸರ್ಟಿಫಿಕೇಟು ಬೇಕಂತೆ. ಹನ್ನೆರಡು ವಾರ.
ಫೀಸು ಮೂರು ಕಂತು.

ಅಮ್ಮಾನಿನಿಂದ ಸುಹೇರ್ ಮೇಡಂ ಕಲಿಸುತ್ತಾರೆ.
ಪರದೆಯ ಮೇಲೆ ನಾವು ಒಂಬತ್ತು ಕಿಟಕಿ:
ಜುಬೈಲಿನ ಫಿಲಿಪಿನೋ ನರ್ಸು, ಸಲಾಲಾದ ಕುಂಞಿಮೊಯ್ದು,
ದೋಹಾದ ತಿಲಕುಮಾರಿ. ಅವಳ ಹಿಂದೆ
ಯಾರೋ ಯಾವಾಗಲೂ ಪಾತ್ರೆ ತೊಳೆಯುತ್ತಿರುತ್ತಾರೆ.

ಎರಡನೇ ವಾರದ ನಿಯಮ:
‘ಅವನು ಹೇಳುತ್ತಾನೆ’ ಅನ್ನಕೂಡದು.
ರೋಗಿ ನಾನು ಅಂದರೆ ನೀನೂ ನಾನು.
ಡಾಕ್ಟರು ನಾನು ಅಂದರೆ ನೀನೂ ನಾನು.
ನೀನು ಅಲ್ಲಿಲ್ಲ.

ಕಲ್ಯಾಣಪುರದ ಶಾಲೆಯಲ್ಲಿ ಬೆತ್ತದ ತುದಿಯಿಂದ ಕಲಿತಿದ್ದೆ:
ನಾನು, ಉತ್ತಮ ಪುರುಷ. ನೀನು, ಮಧ್ಯಮ. ಅವನು, ಪ್ರಥಮ.
‘ನಾನು’ವೇ ಯಾಕೆ ಸರ್ ಉತ್ತಮ, ಎಂದು ಕೇಳಿದ್ದಕ್ಕೆ
ಬೆತ್ತ ಉತ್ತರಿಸಿತ್ತು.

*

ಮಂಗಳವಾರ ಸಾಬಣ್ಣ ಬಂದ.
ಯಾದಗಿರಿ ಕಡೆಯವ. ಹಮದ್ ಟೌನಿನ ಸೈಟಿನಲ್ಲಿ
ಕಬ್ಬಿಣದ ಪೈಪು ಕೈಮೇಲೆ ಬಿದ್ದು ಆರು ದಿನ,
ಅರಿವೆ ಸುತ್ತಿಕೊಂಡು ಕೆಲಸಕ್ಕೆ ಹೋಗಿದ್ದನಂತೆ.
ಬಿಚ್ಚಿದಾಗ ವಾಸನೆ ಮೊದಲು ಮಾತಾಡಿತು.

ಡಾಕ್ಟರ್ ಹಿಶಾಮ್ ಒಂದೇ ಉಸಿರಿಗೆ ಹೇಳಿ ಮುಗಿಸಿದರು.
ಅರಬ್ಬಿಯಲ್ಲಿ ಎರಡಕ್ಕೆಂದೇ ಒಂದು ವಚನವಿದೆ,
ಎರಡು ಕಣ್ಣು, ಎರಡು ದಿನ, ಎರಡು ಬೆರಳು
ಒಂದೇ ಪದದೊಳಗೆ ಜೋಡಿಯಾಗಿ ಮಲಗುತ್ತವೆ.
ಕನ್ನಡದಲ್ಲಿ ಎಣಿಸಬೇಕು.

ಬೆನ್ನು ನೆಟ್ಟಗೆ ಮಾಡಿ, ದನಿಯಲ್ಲಿ ಏನೂ ಬೆರೆಸದೆ,
ಕಲಿತ ಹಾಗೇ ಹೇಳಿದೆ:
‘ನಾನು ನಿಮ್ಮ ಎರಡು ಬೆರಳು ತೆಗೆಯಬೇಕಾಗುತ್ತದೆ.’

ಅವನು ಡಾಕ್ಟರ ಕಡೆ ನೋಡಲೇ ಇಲ್ಲ.
‘ನೀ ಯಾಕ ತೆಗೀತಿ, ತಂಗಿ?’

ನಿಯಮ ಐದು: ಕೇಳಿದ್ದೆಲ್ಲ ದಾಟಿಸು. ಬಿಡಬೇಡ, ಸೇರಿಸಬೇಡ.
ಹಾಗಾಗಿ ತಿರುಗಿ, ದಪ್ಪ ಮೀಸೆಯ ಆ ಮನುಷ್ಯನಿಗೆ ಅರಬ್ಬಿಯಲ್ಲಿ ಕೇಳಿದೆ:
ನೀನು ಯಾಕೆ ತೆಗೆಯುತ್ತೀ, ನನ್ನ ತಂಗೀ?
ಅವರು ಪೆನ್ನು ಕೆಳಗಿಟ್ಟರು.
ನರ್ಸು ನಕ್ಕಳು, ಆಮೇಲೆ ನಗಲಿಲ್ಲ.

*

ಗುರುವಾರ ಕ್ಲಾಸಿನಲ್ಲಿ ಹೇಳಿಕೊಂಡೆ.
‘ಮೊದಲೇ ನಿನ್ನ ಪಾತ್ರ ಏನೆಂದು ತಿಳಿಸಬೇಕಿತ್ತು, ಹಬೀಬ್ತಿ,
ಮೂರನೇ ಪಾಠ, ಏಳನೇ ಪುಟ.’
ಸರಿ. ಬರೆದುಕೊಂಡೆ.
ಕುಂಞಿಮೊಯ್ದು ಮೈಕು ಆನ್ ಮಾಡಿ, ಏನೂ ಅನ್ನದೆ, ಆಫ್ ಮಾಡಿದ.
ದೋಹಾದಲ್ಲಿ ನಲ್ಲಿ ನಿಂತಿತ್ತು.

ಶನಿವಾರದೊಳಗೆ ಪದಕೋಶ ತುಂಬಿ ಕಳಿಸಬೇಕು.
ಮೂಲ ಪದ, ಗುರಿ ಪದ, ಟಿಪ್ಪಣಿ.
ಹೆಬ್ಬೆಟ್ಟು ಒತ್ತುವ ಮುಂಚೆ ಸಾಬಣ್ಣ ಇನ್ನೊಂದು ಮಾತು ಅಂದಿದ್ದ:
‘ಒಳಗ ಭಾಳ ಹಳಹಳಿ ಆಗ್ಯಾದ.’
ಸಮುದ್ರದ ಬದಿಯ ನನ್ನ ಕನ್ನಡಕ್ಕೆ ಆ ಪದ ಗೊತ್ತಿರಲಿಲ್ಲ.
ನೋವಿದೆ, ಎಂದು ದಾಟಿಸಿಬಿಟ್ಟೆ.
ಒಂದರಿಂದ ಹತ್ತರಲ್ಲಿ ಎಷ್ಟು ಎಂದರು ಡಾಕ್ಟರು.
ಅವನು ಬೆರಳಲ್ಲಿ ಎಣಿಸಲು ಹೋಗಿ
ನಿಲ್ಲಿಸಿದ.

ಇವತ್ತು ವಾರ್ಡಿಗೆ ಹೋಗಿ ಕೇಳಿದೆ, ಹಳಹಳಿ ಅಂದರೇನಣ್ಣ?
ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿ ಯೋಚಿಸಿದ.
‘ಹಳಹಳಿ ಅಂದ್ರ... ಹಳಹಳೀನೇ, ತಂಗಿ.
ನಿಮ್ಮ ಕಡಿಗೆ ಆಗಂಗಿಲ್ಲೇನು?’

ರಜಾಯಿಯೊಳಗೆ ಲ್ಯಾಪ್‌ಟಾಪಿನ ಬಿಸಿ.
ನಡುವಿನ ಕಾಲಂ ಖಾಲಿ, ಕರ್ಸರ್ ಕಣ್ಣು ಮಿಟುಕಿಸುತ್ತಿದೆ.
ಟಿಪ್ಪಣಿಯ ಕೆಳಗೆ ಬರೆದೆ: ನನಗೂ ಆಗುತ್ತದೆ.
ಇದಕ್ಕೆ ಮೇಡಂ ಎರಡು ಅಂಕ ಕತ್ತರಿಸುತ್ತಾರೆ, ಗೊತ್ತು.
ಎಸಿ ಹಾಕಿ
ಮೂರನೇ ಕಂತಿನ ಲೆಕ್ಕಕ್ಕೆ ಕೂತೆ.