ಇವತ್ತೇನು ಸಿಕ್ತಮ್ಮ?

ನಾಲ್ಕೂವರೆ ಬಸ್ಸಿಗೆ ಹೋದವಳು
ಮಧ್ಯಾಹ್ನ ಮೂರಕ್ಕೆ ಚಿಕ್ಕಬಳ್ಳಾಪುರದಲ್ಲಿಳಿದು
ಚಪ್ಪಲಿ ಬಿಡುವ ಮುಂಚೆಯೇ
ಅತ್ತೆಯ ಪ್ರಶ್ನೆ:
ಇವತ್ತೇನು ಸಿಕ್ತಮ್ಮ?

ವಿಮಾನ ನಿಲ್ದಾಣದಲ್ಲಿ ನನ್ನ ಕೆಲಸ ತಟ್ಟೆ ಜೋಡಿಸುವುದು.
ಜನ ಬೆಲ್ಟು, ಪರ್ಸು, ಫೋನು ಇಟ್ಟು ತಳ್ಳಿದ ಬೂದು ತಟ್ಟೆಗಳನ್ನು
ಆ ತುದಿಯಿಂದ ಈ ತುದಿಗೆ ಹೊತ್ತು ತರುವುದು.
ಪರದೆ ನೋಡುವವರು ಬೇರೆ, ಬ್ಯಾಗು ಬಿಚ್ಚಿಸುವವರು ಬೇರೆ.
ನನಗೆ ಕಾಣುವುದು ಪಕ್ಕದ ಬುಟ್ಟಿ ಮಾತ್ರ.

ಹೇಳುತ್ತೇನೆ. ಅತ್ತೆ ಹುಣಸೆಬೀಜ ಬಿಡಿಸುತ್ತಾ ಕೇಳುತ್ತಾರೆ.
ಎಣ್ಣೆ ತೇಲುವ ಉಪ್ಪಿನಕಾಯಿ.
ಹಾರ್ಲಿಕ್ಸ್ ಬಾಟಲಿಯ ತುಂಬ ತುಪ್ಪ.
ಮೊಸರು. ಮೊಸರು. ಇನ್ನೊಬ್ಬರದೂ ಮೊಸರು.
ಒಂದು ಗೊಜ್ಜು, ಹಳೇ ಸೀರೆಯಂಚಲ್ಲಿ ಬಾಯಿ ಕಟ್ಟಿದ್ದು,
ನಿಮ್ಮ ಹಾಗೇ ಎರಡು ಗಂಟು.
ಆ ಬಟ್ಟೆಯಾದ್ರೂ ತರಬಾರದಿತ್ತಾ?
ತಂದರೆ ಕೆಲಸ ಹೋಗುತ್ತೆ ಅತ್ತೆ.

ಚಕ್ಕುಲಿ?
ಬಿಡ್ತಾರೆ.
ಹುರಿಗಾಳು?
ಬಿಡ್ತಾರೆ.
ಮುದ್ದೆ?
ಮುದ್ದೆ ಯಾರೂ ತಂದಿಲ್ಲ.
ತಂದ್ರೆ?

ಅವತ್ತು ರಾತ್ರಿ ಉಣ್ಣುವಾಗ ಅತ್ತೆ
ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿದರು.
ಹರಿಯಲಿಲ್ಲ. ಹಾಗಂತ ನಿಲ್ಲಲೂ ಇಲ್ಲ,
ಮೆಲ್ಲಗೆ ಸಾರಿನ ಕಡೆ ವಾಲಿತು.

ಒಂದು ಸಂಜೆ ಹೂವಿನ ಮಂಡಿಯ ಪಿಳ್ಳಪ್ಪ ಬಂದ.
ಎರಡು ದಸರೆಯ ಚೆಂಡುಹೂವಿನ ಬಾಕಿ ಉಳಿಸಿಕೊಂಡು
ಕೊಲ್ಕತ್ತಾದವನು ಫೋನೇ ಎತ್ತುತ್ತಿಲ್ಲ.
ಹಾರಿ ಹೋಗಿ ಎದುರು ಕೂತುಬಿಡಬೇಕು.
ಹೊಟ್ಟೆಯಲ್ಲಿ ಹುಣ್ಣು, ಹೊರಗಿನದು ಸೇರದು.
ಬ್ಯಾಗು ತಂದು ಜಗಲಿ ಮೇಲಿಟ್ಟ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.
ಮೊರದಲ್ಲಿ ಅವನ ಬೆಲ್ಟು, ಗಡಿಯಾರ, ಬೀಡಿ ಕಟ್ಟು.
ಟಾರ್ಚು ಹಿಡಿದು ಬ್ಯಾಗಿನೊಳಗೆ ಇಣುಕಿದರು.
ಮೊದಲು ಬಂದದ್ದು ಬೆಂಕಿಪೊಟ್ಟಣ.
ಆಮೇಲೆ ಕ್ಯಾರಿಯರಿನ ತಳದ ಡಬ್ಬಿಯಲ್ಲಿ
ಹುರುಳಿ ಕಟ್ಟಿನ ಸಾರು.

ಇದು ಬುಟ್ಟಿಗೇ, ಅಂದೆ.
ಪಿಳ್ಳಪ್ಪನ ಮುಖ ಬಾಡಿತು.
ಹೆಂಡತಿ ಎರಡು ದಿನ ಕುದಿಸಿ ಕುದಿಸಿ ಇಳಿಸಿದ ಸಾರು.

ಅತ್ತೆ ಮಾತಾಡಲಿಲ್ಲ. ಮೇಲಿನ ಡಬ್ಬಿಯ ಅನ್ನ
ಪರಾತಕ್ಕೆ ಸುರಿದು, ಸಾರು ಹೊಯ್ದು,
ಕೂಸಿಗೆ ಕಲಸುವ ಹಾಗೆ ಕಲಸಿದರು,
ಅನ್ನ ಅಷ್ಟನ್ನೂ ಕುಡಿದು ಬಿಗಿಯುವವರೆಗೆ.
ತುಂಬಿದ ಡಬ್ಬಿ, ಮುಚ್ಚಳವಿಲ್ಲದೆ, ಬೋರಲು ಹಿಡಿದರು.
ಒಂದು ಹನಿ ಬೀಳಲಿಲ್ಲ.
ಹೋಗಯ್ಯಾ, ಅಂದರು. ಅನ್ನದೊಳಗೆ ಸೇರಿದ ಸಾರನ್ನ
ಯಾವ ಮಿಷನ್ನು ಬೇರೆ ಮಾಡುತ್ತೆ?

ಮರುದಿನ ಸಾಲಿನಲ್ಲಿ ಪಿಳ್ಳಪ್ಪ
ನನ್ನನ್ನು ಕಂಡೂ ಕಾಣದವನ ಹಾಗೆ,
ಚಿನ್ನ ಸಾಗಿಸುವವನ ಹಾಗೆ ಬೆವರುತ್ತಿದ್ದ.
ಬ್ಯಾಗು ಒಳಗೆ ಹೋಯಿತು, ನಿಂತಿತು,
ಹಿಂದೆ ಬಂತು, ಮತ್ತೆ ಮುಂದೆ.
ಬಿಚ್ಚಿಸಿದರು.
ಎಲ್ಲಿಂದಲೋ ಬಂದ ಖಾಕಿಯ ಹುಡುಗ ಮುಚ್ಚಳ ತೆಗೆದ.
ಹುರುಳಿಯ ಘಮ ಬಂತು. ನನ್ನ ಕೈಯ ತಟ್ಟೆಗಳು ಕೈಯಲ್ಲೇ.
ಯೇ ಕ್ಯಾ ಹೈ?
ಅನ್ನ, ಅಂದ ಪಿಳ್ಳಪ್ಪ.
ಹುಡುಗ ಇನ್ನೊಮ್ಮೆ ಮೂಸಿದ,
ಬೇಕಿದ್ದಕ್ಕಿಂತ ಒಂದು ಚೂರು ಹೆಚ್ಚು ಹೊತ್ತು.
ಮುಚ್ಚಿ ಕೊಟ್ಟ.

ಮೂರು ಗಂಟೆಗೆ ಬಾಗಿಲಲ್ಲೇ ನಿಂತಿದ್ದರು.
ಇವತ್ತೇನು ಸಿಕ್ತಮ್ಮ?
ಏನೂ ಸಿಗಲಿಲ್ಲ ಅತ್ತೆ.
ಒಂದು ಗಳಿಗೆ ನಕ್ಕರು.
ಆಮೇಲೆ ಮೊರ ಹತ್ತಿರಕ್ಕೆಳೆದುಕೊಂಡು,
ಯಾಕೋ ತುಸು ಬೇಸರದಲ್ಲಿ:
ಮೊಸರೂ ಇಲ್ವಾ?