ಚೀಟಿಯ ಎರಡನೇ ಸಾಲು

ಗಂಗೋತ್ರಿ ದಾಟಿ, ಭೂರ್ಜದ ಮರಗಳೂ ಹಿಂದುಳಿದ ಮೇಲೆ
ಬೈಸಾಖಿಯ ಬೆನ್ನಿಗೆ ಬೇಳೆ, ಉಪ್ಪು, ಒಂದು ಡಬ್ಬ ಸೀಮೆಎಣ್ಣೆ.

ಗುಹೆಯ ಬಾಬಾ ಹನ್ನೊಂದು ವರ್ಷದಿಂದ ಮೌನಿ.
ಬೇಕಾದ್ದನ್ನು ಚೀಟಿಯಲ್ಲಿ ಬರೆಯುತ್ತಾನೆ.
ಈ ಸಲ: ಉಪ್ಪು.
ಕೆಳಗೆ, ಬರೆದು ಹೊಡೆದುಹಾಕಿದ್ದು: ಇನ್ನೆಷ್ಟು ದಿನ?
ಅಂಗಡಿಯವ ಗಟ್ಟಿಯಾಗಿ ಓದಿ ನಕ್ಕ,
'ಇದು ನಮ್ಮಲ್ಲಿಲ್ಲ.'

ಏರಿನಲ್ಲಿ ಹೆಜ್ಜೆಗೊಂದು ಉಸಿರು,
ಆಮೇಲೆ ಹೆಜ್ಜೆಗೆರಡು.
ಬಂಡೆಗೊರಗಿ ಹಣೆಪಟ್ಟಿ ಕಳಚಿದಳು.
ಹೊರೆ ಅಲ್ಲಿತ್ತು.
ಹೊತ್ತವಳು
ಒಂದು ಗಳಿಗೆ ಎಲ್ಲಿಯೂ ಇರಲಿಲ್ಲ.

ಆಮೇಲೆ ಮೂಗಿಗೆ ಸೀಮೆಎಣ್ಣೆ.
ಸೋರುತ್ತಿದೆ!
ಸೆರಗಿನ ಚೂರು ಹರಿದು ಮುಚ್ಚಳಕ್ಕೆ ತುರುಕಿ
ಮತ್ತೆ ಪಟ್ಟಿ ಹಣೆಗೆ.

ಬಾಬಾ ಕಣ್ಣು ಮುಚ್ಚಿ ಕೂತಿದ್ದ.
ಬಂಡೆಯ ಹತ್ತಿರ ಏನೋ ಆಯಿತಲ್ಲ,
ಅವನಿಗೆ ಹೇಳಬೇಕೆಂದಿದ್ದಳು;
ದೀಪಕ್ಕೆ ಎಣ್ಣೆ ಹೊಯ್ಯುವಷ್ಟರಲ್ಲಿ
ಮರೆತಳು.